ಅಂಕವೂ ಸಿದ್ಧಿಯೂ

ವಿದ್ಯಾರ್ಥಿಯ ಸಿದ್ಧಿಯೆಂದರೇನು? ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನ ಈ ಪ್ರಶ್ನೆಗೆ ಮನೆಮನೆಯಲ್ಲಿಯೂ ಸಿದ್ಧವಾದ ಉತ್ತರವೊಂದಿರುತ್ತದೆ. ಎಸ್.ಎಸ್.ಎಲ್.ಸಿ.ಯ 625 ಅಂಕಗಳಲ್ಲಿ ತಮ್ಮ ಹುಡುಗನಿಗೆ ಬಂದುವೆಷ್ಟು, ನೆರೆಮನೆಯ ಹುಡುಗಿಗೆ ಬಂದುವೆಷ್ಟು ಎಂಬ ಲೆಕ್ಕವೇ ಆ ಉತ್ತರ. ಹದಿನಾರು ವರ್ಷದ ಎಳೆಯ ಜೀವವು ಆ ಲೆಕ್ಕವನ್ನೇ ತನ್ನ ಯೋಗ್ಯತೆಯೆಂದು ನಂಬಿಬಿಡುವುದುಂಟು. ಹಾಗೆ ನಂಬಿ ಬಾಳೇ ಬೇಡವೆಂದುಕೊಂಡವರೂ ಉಂಟು. ಆದುದರಿಂದ ಇದು ಉಪಾಧ್ಯಾಯರಿಗಷ್ಟೇ ಬಿಡತಕ್ಕ ವಿಷಯವಲ್ಲ. ಗೃಹಸ್ಥರೆಲ್ಲರ ಧರ್ಮಕ್ಕೆ ಸಂಬಂಧಪಟ್ಟದ್ದು.

ಪರೀಕ್ಷೆಯ ಪರವಾಗಿ ಹೇಳತಕ್ಕದ್ದನ್ನು ಮೊದಲು ಹೇಳಬೇಕು. ಕುಲ, ಧನ, ಶಿಫಾರಸು ಇವುಗಳ ಬಲವಿಲ್ಲದವರಿಗೆ ಅಂಕಪಟ್ಟಿಯೇ ಊರುಗೋಲು. ಸಾರ್ವಜನಿಕ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯನ್ನು ತಿದ್ದುವವರಿಗೆ ಬರೆದವನ ತಂದೆ ಯಾರೆಂಬುದು ತಿಳಿಯದು. ಈ ನಿಷ್ಪಕ್ಷಪಾತ ಸಣ್ಣ ಗುಣವಲ್ಲ. ಅದನ್ನು ಕಿತ್ತೊಗೆದರೆ ಬಡವರ ಮಕ್ಕಳೇ ಮೊದಲು ನಷ್ಟಪಡುವರು. ಹೀಗಿರಲಾಗಿ, ಅಳತೆಗೋಲು ಬೇಕೇ ಬೇಕು. ಆದರೆ ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದು ಅಳೆಯುವವರಿಗೆ ತಿಳಿದಿರಬೇಕು.

ಈ ವಿವೇಕ ತಪ್ಪಿದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತಪರೀಕ್ಷೆಯ ಚರಿತ್ರೆ ಒಳ್ಳೆಯ ನಿದರ್ಶನ. ಟ್ರೈಪಾಸ್ ಎಂಬ ಆ ಪರೀಕ್ಷೆಯ ಪ್ರಥಮ ದರ್ಜೆಯವರಿಗೆ ರ‍್ಯಾಂಗ್ಲರ್ ಎಂದು ಹೆಸರು. ಅವರಲ್ಲಿ ಮೊದಲಿಗನು ಸೀನಿಯರ್ ರ‍್ಯಾಂಗ್ಲರ್. ಆ ಒಂದು ಸ್ಥಾನಕ್ಕಾಗಿ ತರುಣರು ಖಾಸಗಿ ಬೋಧಕರನ್ನು ಆಶ್ರಯಿಸಿ, ಲೆಕ್ಕಗಳನ್ನು ಬೇಗಬೇಗನೆ ಬಿಡಿಸುವ ಅಭ್ಯಾಸದಲ್ಲಿಯೇ ವರ್ಷಗಳನ್ನು ಸವೆಸುತ್ತಿದ್ದರು. 1854ರಲ್ಲಿ ರೌತ್ ಎಂಬುವನು ಮೊದಲಿಗನಾದನು. ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು ಎರಡನೆಯವನು. ರೌತನು ಸಮರ್ಥ ಗಣಿತಜ್ಞನೂ ಪರೀಕ್ಷಾಬೋಧಕರಲ್ಲಿ ಅಗ್ರಗಣ್ಯನೂ ಆದನು. ಮ್ಯಾಕ್ಸ್‌ವೆಲ್ಲನಾದರೋ, ಬೆಳಕೆಂಬುದು ವಿದ್ಯುತ್ ಕಾಂತಗಳ ತರಂಗವೆಂದು ಸಾರಿ ಭೌತಶಾಸ್ತ್ರದ ದಿಕ್ಕನ್ನೇ ಬದಲಾಯಿಸಿದನು. ಪರೀಕ್ಷಕರ ಪಟ್ಟಿ ಸುಳ್ಳು ಹೇಳಿರಲಿಲ್ಲ. ಆ ಕೆಲವು ದಿನಗಳ ಮಟ್ಟಿಗೆ ಅದು ನಿಜವೇ ಆಗಿತ್ತು.

ಅದೇ ಪರೀಕ್ಷೆಯಲ್ಲಿ 1898ರಲ್ಲಿ ನಾಲ್ಕನೆಯವರಾಗಿ ಬಂದ ಜಿ. ಎಚ್. ಹಾರ್ಡಿ ಮಹಾಶಯರು ಈ ಪದ್ಧತಿಯನ್ನು ಬಲವಾಗಿ ವಿರೋಧಿಸಿದರು. 1909ರ ತರುವಾಯ ಸ್ಥಾನಕ್ರಮದ ಪ್ರಕಟನೆ ನಿಂತಿತು. 1913ರಲ್ಲಿ ಅವರ ಕೈಗೆ ಮದರಾಸಿನ ಬಂದರು ಕಚೇರಿಯ ಗುಮಾಸ್ತರೊಬ್ಬರ ಪತ್ರ ಬಂದಿತು. ಗಣಿತವೊಂದರಲ್ಲಿಯೇ ಮುಳುಗಿ, ಇತರ ವಿಷಯಗಳನ್ನು ಕಡೆಗಣಿಸಿ, ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡು, ಎಫ್.ಎ. ಪರೀಕ್ಷೆಯಲ್ಲಿ ಸೋತಿದ್ದ ಶ್ರೀನಿವಾಸ ರಾಮಾನುಜನ್ನರ ಪತ್ರವದು. ಹಾರ್ಡಿಯವರು ಅಂಕಪಟ್ಟಿಯನ್ನು ನೋಡಲಿಲ್ಲ. ಪತ್ರದೊಳಗಿನ ಸೂತ್ರಗಳನ್ನು ನೋಡಿದರು. 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಆ ಗುಮಾಸ್ತರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡಿತು.

ಆದರೆ ಇಂಥ ಉದಾಹರಣೆಯಲ್ಲಿಯೂ ಒಂದು ಮೋಸವುಂಟು. ಪರೀಕ್ಷೆಯಲ್ಲಿ ಸೋತವರೆಲ್ಲ ರಾಮಾನುಜನ್ನರಲ್ಲ. ಸಾಮಾನ್ಯ ವಿದ್ಯಾರ್ಥಿಗೆ “ನೀನೂ ಮಹಾಪುರುಷನಾಗಬಹುದು” ಎಂದು ಹೇಳುವುದು ಅಂಕದ ಹೊರೆಯನ್ನಿಳಿಸಿ ಕೀರ್ತಿಯ ಹೊರೆಯನ್ನು ಹೊರಿಸಿದಂತೆ. ಅವನಿಗೆ ಬೇಕಾದುದು ಅವನಿಗೇ ಒಪ್ಪುವ ಅಳತೆ. ನಿನ್ನೆ ತಿಳಿಯದುದು ಇಂದು ತಿಳಿಯಿತೆ? ತಿಳಿದುದು ಪರೀಕ್ಷೆ ಕಳೆದ ಮೇಲೂ ಉಳಿಯಿತೆ? ಉಳಿದುದನ್ನು ಇನ್ನೊಬ್ಬರಿಗೆ ಹೇಳಿಕೊಡಬಲ್ಲನೆ? ಓದು ಬಾರದವರ ಮನೆಯಲ್ಲಿ ಹುಟ್ಟಿ, ಬೆಳಗಿನ ಕೆಲಸ ಮುಗಿಸಿ ಶಾಲೆಗೆ ನಡೆದು 300 ಅಂಕ ಪಡೆದ ಹುಡುಗಿಯು ಕ್ರಮಿಸಿದ ದಾರಿ, ಪುಸ್ತಕಗಳ ನಡುವೆ ಬೆಳೆದು 600 ಪಡೆದ ಹುಡುಗನ ದಾರಿಗಿಂತ ದೀರ್ಘವಾಗಿರಬಹುದು. ಅಂಕಪಟ್ಟಿ ಮುಟ್ಟಿದ ಊರನ್ನು ಹೇಳುತ್ತದೆ. ಹೊರಟ ಊರನ್ನು ಹೇಳದು.

ಸರಕಾರದ ನಿಯಮದಿಂದಲೇ ಈ ದೃಷ್ಟಿ ಬರಲಾರದು. ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯು 2009ರಲ್ಲಿ ನಿರಂತರ ಮೌಲ್ಯಮಾಪನ ಪದ್ಧತಿಯನ್ನು ತಂದಿತು, 2017ರಲ್ಲಿ ಕೈಬಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಗುವಿನ ಸರ್ವಾಂಗೀಣ ಪ್ರಗತಿಯನ್ನು ತೋರಿಸುವ ಪತ್ರ ಬೇಕೆಂದಿತು. ಆದರೆ ಮಗು ಮೊದಲು ಓದುವ ಪ್ರಗತಿಪತ್ರ ತಾಯಿತಂದೆಗಳ ಮುಖ. ಶಾಲೆಯಿಂದ ಬಂದ ಮಗುವನ್ನು “ಎಷ್ಟು ಬಂತು?” ಎಂದು ಕೇಳುವ ಮೊದಲು “ಏನು ತಿಳಿಯಿತು?” ಎಂದು ಕೇಳುವ ಮನೆಯಲ್ಲಿ, ಅಂಕ ಕಡಿಮೆಯಾದ ದಿನವೂ ಆ ಮಗು ತಲೆಯೆತ್ತಿ ಊಟಕ್ಕೆ ಕೂಡಬಲ್ಲದು.