ಲೇಸರ್ ಕಿರಣವೂ ಮುಖದ ಕಲೆಯೂ

ಮುಖವು ಅದನ್ನು ಹೊತ್ತವನ ಸ್ವತ್ತೋ, ನೋಡುವವರ ಸ್ವತ್ತೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ವಿನೋದವಾಗಿ ತೋರಬಹುದು. ಕನ್ನಡಿಯಿಲ್ಲದೆ ಯಾವನೂ ತನ್ನ ಮುಖವನ್ನು ತಾನು ಕಾಣಲಾರನು; ಕಾಣುವವರೆಲ್ಲರೂ ಇತರರೇ. ಆದುದರಿಂದಲೇ ಮುಖದ ಮೇಲಣ ಒಂದು ಕುಳಿ, ಒಂದು ಕಲೆ, ಒಂದು ಸುಕ್ಕು ಶರೀರಕ್ಕೆ ಯಾವ ಬಾಧೆಯನ್ನೂ ಕೊಡದೆ ಮನಸ್ಸಿಗೆ ಮಾತ್ರ ಬಹಳ ಬಾಧೆಯನ್ನು ಕೊಡುವುದುಂಟು. ಇಂತಹ ಗುರುತುಗಳನ್ನು ಲೇಸರ್ ಕಿರಣದಿಂದ ತಗ್ಗಿಸುವ ಚಿಕಿತ್ಸೆಯು ಈಗ ನಮ್ಮ ನಗರಗಳಲ್ಲಿಯೂ ಬಳಕೆಗೆ ಬಂದಿದೆ. ಇದರಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು, ಇದನ್ನು ಬಯಸುವುದು ಧರ್ಮಕ್ಕೆ ಒಪ್ಪುವುದೇ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಮೊದಲು ವಸ್ತುಸ್ಥಿತಿ. ೧೯೬೦ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಎಂಬವರು ಮಾಣಿಕ್ಯದ ಹರಳಿನಿಂದ ಮೊಟ್ಟಮೊದಲಿನ ಲೇಸರನ್ನು ಸಿದ್ಧಪಡಿಸಿದರು. ೧೯೬೪ರಲ್ಲಿ ಅದೇ ದೇಶದ ಬೆಲ್ ಪ್ರಯೋಗಶಾಲೆಯಲ್ಲಿ, ನಮ್ಮ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲರು ಇಂಗಾಲಾಮ್ಲವಾಯುವಿನ ಲೇಸರನ್ನು ನಿರ್ಮಿಸಿದರು. ಈ ಕಿರಣವು ಕಣ್ಣಿಗೆ ಕಾಣದು. ನೀರು ಅದನ್ನು ತಟ್ಟನೆ ಹೀರಿಕೊಳ್ಳುವುದು. ಚರ್ಮದಲ್ಲಿ ನೀರಿನ ಅಂಶವೇ ಹೆಚ್ಚಾದುದರಿಂದ ಕಿರಣ ತಾಕಿದೊಡನೆ ಮೇಲಣ ತೆಳುವಾದ ಪದರವು ಆವಿಯಾಗಿ ಹೋಗುವುದು; ಒಳಪದರಕ್ಕೆ ತಗಲಿದ ಶಾಖದಿಂದ ಅಲ್ಲಿಯ ನಾರುಗಳು ಬಿಗಿದು, ಹೊಸ ನಾರುಗಳು ಹುಟ್ಟುವುವು. ೨೦೦೪ರಲ್ಲಿ ಮತ್ತೊಂದು ಕ್ರಮವು ಪ್ರಕಟವಾಯಿತು. ಇಡೀ ಮುಖವನ್ನು ಸುಡದೆ, ಸೂಜಿಮೊನೆಗಿಂತ ಸಣ್ಣದಾದ ಅಸಂಖ್ಯ ಚುಕ್ಕೆಗಳಲ್ಲಿ ಮಾತ್ರ ಕಿರಣವನ್ನು ಇಳಿಸಿ, ನಡುನಡುವೆ ಆರೋಗ್ಯವಾದ ಚರ್ಮವನ್ನು ಉಳಿಸುವುದೇ ಆ ಕ್ರಮ. ಉಳಿದ ಚರ್ಮವು ಪಕ್ಕದ ಗಾಯವನ್ನು ಬೇಗನೆ ಮುಚ್ಚುವುದು.

ಇದರಿಂದ ಒಂದು ಮಾತು ಸ್ಪಷ್ಟವಾಗುವುದು. ಈ ಚಿಕಿತ್ಸೆಯು ಲೇಪನವಲ್ಲ, ಅಲಂಕಾರವಲ್ಲ. ಅಳತೆಯಿಟ್ಟು ಮಾಡಿದ ಗಾಯ. ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಉಪಾಯವಿದು. ಗಾಯವೆಂದ ಮೇಲೆ ಅದರ ಧರ್ಮಗಳೂ ಇರತಕ್ಕವೇ. ಮುಖ ಊದಿಕೊಳ್ಳುವುದು, ರಸ ಒಸರುವುದು, ಹಕ್ಕಳೆಗಟ್ಟುವುದು. ಹೊಸ ಚರ್ಮ ಬರಲು ಸುಮಾರು ಒಂದು ವಾರ ಬೇಕು. ಕೆಂಪು ಇಳಿಯಲು ಕೆಲವು ವಾರಗಳು, ಆಳವಾಗಿ ಮಾಡಿದ್ದಲ್ಲಿ ಕೆಲವು ತಿಂಗಳುಗಳೇ ಬೇಕಾಗಬಹುದು. ಒಳಗಿನ ನಾರುಗಳು ಬೆಳೆದು ಫಲ ಕಾಣುವುದು ೩ರಿಂದ ೬ ತಿಂಗಳಲ್ಲಿ. ಮೊಡವೆಯ ಕುಳಿಗಳು ಆಳ ಕಡಮೆಯಾಗುವುವೇ ಹೊರತು ನೆಲ ಸಾರಿಸಿದಂತೆ ಸಮವಾಗುವುದಿಲ್ಲ. ಅನೇಕ ವೇಳೆ ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಸುಕ್ಕು ತಗ್ಗಬಹುದು, ಕಾಲವು ನಿಲ್ಲದು. ನಮ್ಮಂತಹ ಕಂದು ಬಣ್ಣದವರು ವಿಶೇಷವಾಗಿ ತಿಳಿಯಬೇಕಾದುದೊಂದಿದೆ: ಗಾಯದ ಶಾಖಕ್ಕೆ ಕೆರಳಿ ನಮ್ಮ ಚರ್ಮವು ಮೊದಲಿಗಿಂತ ಕಪ್ಪಾದ ಕಲೆಯನ್ನು ತೋರಿಸಬಹುದು, ಅದು ಮಾಯಲು ತಿಂಗಳುಗಳು ಹಿಡಿಯುವುದುಂಟು. ಬಂಗು ಇರುವವರಲ್ಲಿ ಅದು ಹೆಚ್ಚುವುದೂ ಉಂಟು. ಬಿಸಿಲಿನಿಂದ ಮುಖವನ್ನು ಕಾಪಾಡದವನಿಗೆ ಈ ಚಿಕಿತ್ಸೆ ತಗದು. ತುಟಿಯ ಮೇಲೆ ಆಗಾಗ್ಗೆ ಸರ್ಪುಗುಳ್ಳೆ ಏಳುವವರು ಅದನ್ನು ವೈದ್ಯರಿಗೆ ಮುಂಚಿತವಾಗಿಯೇ ತಿಳಿಸಬೇಕು. ಸೋಂಕು, ಬಿಳಿಯ ಮಚ್ಚೆ, ಹೊಸ ಕಲೆ—ಇವು ವಿರಳವಾದರೂ ಇಲ್ಲವೆಂದು ಹೇಳುವ ವೈದ್ಯನು ಸತ್ಯವನ್ನು ಹೇಳಿದಂತಾಗಲಿಲ್ಲ.

ಇನ್ನು ಧರ್ಮವಿಚಾರ. ದೇವರು ಕೊಟ್ಟ ಮುಖವನ್ನು ತಿದ್ದುವುದು ಅಹಂಕಾರವೆಂದು ಪೂರ್ವಪಕ್ಷಿಗಳು ಹೇಳುವರು. ಈ ವಾದವು ನಿಲ್ಲದು. ಸುಶ್ರುತನು ವ್ರಣಕ್ಕೆ ಹೇಳಿರುವ ಅರವತ್ತು ಉಪಕ್ರಮಗಳಲ್ಲಿ ಕೃಷ್ಣಕರ್ಮ, ಪಾಂಡುಕರ್ಮಗಳೆಂಬ ಎರಡುಂಟು. ಮಾಯ್ದ ಗಾಯದ ಜಾಗವು ಬೆಳ್ಳಗಾಗಿದ್ದರೆ ಕಪ್ಪಾಗಿಸುವುದು, ಕಪ್ಪಾಗಿದ್ದರೆ ತಿಳಿಯಾಗಿಸುವುದು ಅವುಗಳ ಪ್ರಯೋಜನ. ಗಾಯವು ಕೂಡಿಕೊಂಡ ಮಾತ್ರಕ್ಕೆ ವೈದ್ಯನ ಕೆಲಸ ಮುಗಿಯಲಿಲ್ಲ, ಬಣ್ಣವು ಸುತ್ತಲಿನ ಚರ್ಮಕ್ಕೆ ಹೊಂದಿದಾಗಲೇ ಮುಗಿಯಿತೆಂದು ಆ ಆಚಾರ್ಯನು ಭಾವಿಸಿದಂತಿದೆ. ಕನ್ನಡಕವನ್ನೂ ಕಟ್ಟಿಸಿದ ಹಲ್ಲನ್ನೂ ಒಪ್ಪಿಕೊಂಡಿರುವ ನಾವು ಕಲೆಯನ್ನು ತಗ್ಗಿಸಿಕೊಳ್ಳುವವರನ್ನು ಮಾತ್ರ ಹಳಿಯುವುದು ನ್ಯಾಯವಲ್ಲ.

ಹಾಗಾದರೆ ಪ್ರಶ್ನೆಯೇ ಉಳಿಯಲಿಲ್ಲವೇ? ಉಳಿದಿದೆ. ಬಯಕೆಯು ಯಾರದು ಎಂಬುದೇ ಆ ಪ್ರಶ್ನೆ. ಕೆಲವು ವರ್ಷಗಳ ಕೆಳಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಯ ಕೆನ್ನೆಯಲ್ಲಿ ಮೊಡವೆಯ ಕುಳಿಗಳಿದ್ದುವು. ನಿಶ್ಚಯವಾಗಿದ್ದ ಸಂಬಂಧದವರು, ಲಗ್ನಕ್ಕೆ ಎರಡು ತಿಂಗಳಿರುವಾಗ, ಅಷ್ಟರೊಳಗೆ ‘ಮುಖ ಸರಿಮಾಡಿಸಿ’ ಎಂದು ಹೇಳಿಕಳುಹಿಸಿದ್ದರಂತೆ. ನಿನ್ನ ಅಭಿಪ್ರಾಯವೇನಮ್ಮ ಎಂದು ನಾನು ಕೇಳಿದೆ. “ಮೇಷ್ಟ್ರೇ, ಇವು ಹೋಗಲಿ ಅಂತ ನನಗೂ ಬಹಳ ದಿನದಿಂದ ಆಸೆ ಇತ್ತು. ಅವರು ಹೇಳಿಕಳಿಸಿದ ಮೇಲೆ ಆ ಆಸೆಯೇ ಹೋಯಿತು” ಎಂದಳು. ಆ ಸಂಬಂಧವನ್ನು ಮನೆಯವರು ಬಿಟ್ಟರು. ಮುಂದೆ ಆಕೆ ಚಿಕಿತ್ಸೆಯನ್ನು ಮಾಡಿಸಿಕೊಂಡಳೋ ಇಲ್ಲವೋ ನಾನು ಕೇಳಲಿಲ್ಲ; ಅದು ಕೇಳತಕ್ಕ ಪ್ರಶ್ನೆಯೂ ಅಲ್ಲ.

ಅದೇ ಕುಳಿ, ಅದೇ ಕಿರಣ, ಅದೇ ವೆಚ್ಚ. ಆದರೂ ತಾನಾಗಿ ಬಯಸಿದಾಗ ಅದು ಚಿಕಿತ್ಸೆ, ಮತ್ತೊಬ್ಬರು ವಿಧಿಸಿದಾಗ ಅದು ಪ್ರಾಯಶ್ಚಿತ್ತ. ಮಾಡದ ತಪ್ಪಿಗೆ ಪ್ರಾಯಶ್ಚಿತ್ತವನ್ನು ವಿಧಿಸುವ ಅಧಿಕಾರವು ಯಾರಿಗೂ ಇಲ್ಲ.

ಮಹಾಭಾರತದ ಅರಣ್ಯಪರ್ವದಲ್ಲಿ ಬರುವ ಸುಕನ್ಯೆಯ ಕಥೆಯನ್ನು ವಾಚಕರು ಬಲ್ಲರು. ಮುದಿಯನಾದ ಚ್ಯವನನನ್ನು ಬಿಟ್ಟು ತಮ್ಮಲ್ಲೊಬ್ಬನನ್ನು ವರಿಸೆಂದು ಅಶ್ವಿನೀದೇವತೆಗಳು ಕೇಳಿದಾಗ ಆಕೆ ಒಪ್ಪಲಿಲ್ಲ. ಆಮೇಲೆ ಅವರು ಚ್ಯವನನೊಡನೆ ನೀರಿನಲ್ಲಿ ಮುಳುಗಿ, ಮೂವರೂ ಒಂದೇ ರೂಪದ ತರುಣರಾಗಿ ಎದ್ದರು. ಆಕೆ ವಿವೇಕದಿಂದ ತನ್ನ ಪತಿಯನ್ನೇ ಗುರುತಿಸಿದಳು. ಚ್ಯವನನೂ ರೂಪವನ್ನು ಬಯಸಿಯೇ ನೀರಿಗಿಳಿದನೆಂಬುದನ್ನು ಮರೆಯಬಾರದು. ಋಷಿಗೆ ಸಲ್ಲುವ ಬಯಕೆಯು ಗೃಹಸ್ಥರಿಗೆ ಸಲ್ಲದೆ ಇರದು. ಆದರೆ ಅವನು ಇಳಿಯುವ ಮೊದಲೇ ಸುಕನ್ಯೆ ಅವನನ್ನು ಒಪ್ಪಿಕೊಂಡಿದ್ದಳು. ಯೌವನವು ಅವರ ದಾಂಪತ್ಯಕ್ಕೆ ಬಂದ ಲಾಭವೇ ಹೊರತು ಅದರ ಕರಾರಾಗಿರಲಿಲ್ಲ.

ಮತ್ತೊಂದು ಸೂಕ್ಷ್ಮವುಂಟು. ಹಣವುಳ್ಳವರೆಲ್ಲರೂ ಮುಖದ ಗುರುತುಗಳನ್ನು ಅಳಿಸಿಕೊಳ್ಳುತ್ತ ಹೋದರೆ, ಅಳಿಸಿಕೊಳ್ಳಲಾರದವರ ಕುಳಿಗಳೂ ಸುಕ್ಕುಗಳೂ ಬರಬರುತ್ತ ಅಲಕ್ಷ್ಯದ ಚಿಹ್ನೆಗಳೆಂದು ಎಣಿಸಲ್ಪಡುವುವು. ಇದು ಚಿಕಿತ್ಸೆಯ ದೋಷವಲ್ಲ, ನಮ್ಮ ದೃಷ್ಟಿಯ ದೋಷ. ಆದುದರಿಂದ ಇದನ್ನು ತಡೆಯುವ ಭಾರವು ಚಿಕಿತ್ಸೆ ಪಡೆಯುವವರ ಮೇಲಲ್ಲ, ನೋಡುವ ನಮ್ಮ ಮೇಲಿದೆ.

ಈ ಚಿಕಿತ್ಸೆಯನ್ನು ಬಯಸುವವರು ಮಿತಿಯನ್ನೂ ಅಪಾಯವನ್ನೂ ಕೇಳಿ ತಿಳಿದು, ಅನುಭವಸ್ಥರಾದ ಚರ್ಮವೈದ್ಯರಲ್ಲಿಗೆ ಹೋಗಲಿ, ನಾಚಿಕೆಪಡಬೇಕಾದುದಿಲ್ಲ. ಲಗ್ನದ ದಿನವನ್ನು ಎದುರಿಗಿಟ್ಟುಕೊಂಡು ಮಾತ್ರ ಹೋಗದಿರಲಿ, ಗಾಯಕ್ಕೆ ಪಂಚಾಂಗ ತಿಳಿಯದು. ಮನೆಯ ಹಿರಿಯರು ಮಕ್ಕಳ ಮುಖದ ಕಲೆಯ ಮಾತನ್ನು ಬಂಧುಗಳ ನಡುವೆ ಎತ್ತದಿರಲಿ; ಇದಕ್ಕೆ ಕಾಸಿನ ವೆಚ್ಚವೂ ಇಲ್ಲ, ವಾರದ ನೋವೂ ಇಲ್ಲ.