ಬಾಗಿಲಿಗೆ ಕಿವಿ ಹಚ್ಚಬಹುದೇ?

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಕಾರಣದಿಂದ ಇಲ್ಲಿ ಅಮೆರಿಕದಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳ ಮನಸ್ಸಿನ ಚಿಕಿತ್ಸೆಯೂ ಮನೆಯೊಳಗೆ ಬಂದಿತು. ಸರ್ಕಾರ ನಿಯಮಗಳನ್ನು ಸಡಿಲಿಸಿದ್ದರಿಂದ ಥೆರಪಿಸ್ಟರು ಝೂಮ್, ಫೇಸ್‌ಟೈಮ್‌ಗಳಲ್ಲೇ ಮಕ್ಕಳನ್ನು ನೋಡತೊಡಗಿದರು. 2021ರ ಅಕ್ಟೋಬರಿನಲ್ಲಿ ಮಕ್ಕಳ ವೈದ್ಯರ ಅಕಾಡೆಮಿ ಮತ್ತಿತರ ಸಂಸ್ಥೆಗಳು ಮಕ್ಕಳ ಮಾನಸಿಕ ಆರೋಗ್ಯದ ವಿಷಯದಲ್ಲಿ ರಾಷ್ಟ್ರೀಯ ತುರ್ತುಸ್ಥಿತಿಯನ್ನೇ ಘೋಷಿಸಿದವು. ಡಿಸೆಂಬರಿನಲ್ಲಿ, ಆಗ ಸರ್ಜನ್ ಜನರಲ್ ಆಗಿದ್ದ, ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರೂ ಇದೇ ಎಚ್ಚರಿಕೆ ಕೊಟ್ಟರು.

ಆ ದಿನಗಳು ಕಳೆದವು. ಆದರೆ ಪರದೆಯ ಮೇಲಿನ ಚಿಕಿತ್ಸೆ ಉಳಿದುಕೊಂಡಿದೆ. ಅದರ ಜೊತೆಗೆ ಒಂದು ನೈತಿಕ ಪ್ರಶ್ನೆಯೂ ಉಳಿದಿದೆ. ಮಗು ತನ್ನ ಕೋಣೆಯಲ್ಲಿ ಕುಳಿತು ಥೆರಪಿಸ್ಟರೊಡನೆ ಮಾತಾಡುವಾಗ ಹೊರಗಿರುವ ತಂದೆತಾಯಿ ಕೇಳಿಸಿಕೊಳ್ಳಬಹುದೇ?

ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ. ನಾವು ವೇಟಿಂಗ್ ರೂಮಿನಲ್ಲಿ ಪತ್ರಿಕೆ ತಿರುವುತ್ತ ಕೂರುತ್ತೇವೆ. ನಡುವೆ ಗೋಡೆ ಇರುತ್ತದೆ. ಮನೆಯಲ್ಲಿ ಆ ಗೋಡೆಯ ಕೆಲಸವನ್ನು ನಾವೇ ಮಾಡಬೇಕು. ಅದು ನಮಗೆ ಸುಲಭವಲ್ಲ. ನಾವು ಬೆಳೆದ ಮನೆಗಳಲ್ಲಿ ಮಕ್ಕಳು ಕೋಣೆಯ ಚಿಲಕ ಹಾಕಿಕೊಳ್ಳುವ ರೂಢಿಯಿರಲಿಲ್ಲ. "ನಮ್ಮ ಹತ್ತಿರ ಮುಚ್ಚಿಡುವಂಥದ್ದು ಏನಿದೆ?" ಎಂಬ ಮಾತಿನಲ್ಲಿ ಪ್ರೀತಿಯೂ ಇದೆ, ಯಜಮಾನಿಕೆಯೂ ಇದೆ.

ತಂದೆತಾಯಿಯರ ವಾದವನ್ನು ತಳ್ಳಿಹಾಕುವಂತಿಲ್ಲ. ಮಗು ನಮ್ಮದು, ಹೊಣೆ ನಮ್ಮದು. ವಿಷಯ ತಿಳಿಯದೆ ಸಹಾಯ ಮಾಡುವುದು ಹೇಗೆ? ಆತಂಕದ ಚಿಕಿತ್ಸೆಯಲ್ಲಿ ನಮ್ಮ ಪಾತ್ರ ದೊಡ್ಡದೇ. ಯೇಲ್ ವಿಶ್ವವಿದ್ಯಾಲಯದವರು 124 ಮಕ್ಕಳನ್ನು ಕುರಿತು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆತಾಯಿಯರಿಗೆ ಮಾತ್ರ ತರಬೇತಿ ಕೊಟ್ಟರೂ ಮಗುವಿಗೇ ಚಿಕಿತ್ಸೆ ಕೊಟ್ಟಷ್ಟು ಗುಣ ಕಂಡಿತು. ಆದರೆ ಆ ತರಬೇತಿಯಲ್ಲಿ ಮಗುವಿನ ಗುಟ್ಟು ತಿಳಿಯುವ ಪಾಠವಿಲ್ಲ. ಮಗು ಹೆದರಿದಾಗಲೆಲ್ಲ ಅದರ ಕೆಲಸವನ್ನು ನಾವೇ ಮಾಡಿಕೊಡುವುದನ್ನು ಬಿಟ್ಟು, "ಕಷ್ಟವೆಂದು ಗೊತ್ತು, ನಿನ್ನ ಕೈಲಾಗುತ್ತದೆ" ಎಂದು ಧೈರ್ಯ ಹೇಳುವುದೇ ಅದರ ಸಾರ. ಇದಕ್ಕೆ ಕದ್ದು ಕೇಳಬೇಕಾಗಿಲ್ಲ.

ಮಗುವಿನ ಭಯಕ್ಕೆ ಎಷ್ಟೋ ಸಲ ನಾವೇ ಕಾರಣರಾಗಿರುತ್ತೇವೆ: ನಮ್ಮ ಜಗಳ, ಮಾರ್ಕ್ಸಿನ ಮೇಲಿನ ನಮ್ಮ ಆಸೆ, ಊರಿನಲ್ಲಿ ಅಜ್ಜನಿಗೆ ಕಾಯಿಲೆಯೆಂದು ನಾವು ರಾತ್ರಿ ಪಿಸುಗುಟ್ಟಿದ್ದು. ಬಾಗಿಲಿಗೆ ಕಿವಿಯಿದೆಯೆಂದು ತಿಳಿದರೆ ಇದನ್ನೆಲ್ಲ ಅದು ಹೇಳೀತೇ? ಮೊದಲೇ ಅಂಜುವ ಮಗುವಿಗೆ, ಮನೆಯಲ್ಲೂ ನಂಬಿಕೆಗೆ ಜಾಗವಿಲ್ಲವೆಂದು ನಾವೇ ಕಲಿಸಿದಂತಾಗುತ್ತದೆ.

ಹಾಗೆಂದು ಎಲ್ಲ ವಯಸ್ಸಿಗೂ ಒಂದೇ ನಿಯಮವಲ್ಲ. ಏಳು ವರ್ಷದ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿರೆಂದು ಥೆರಪಿಸ್ಟರೇ ಹೇಳಬಹುದು. ಹದಿನೈದರ ಮಾತು ಬೇರೆ. ಜೀವಕ್ಕೆ ಅಪಾಯವಿದ್ದರೆ ಅವರು ನಮಗೆ ತಿಳಿಸಲೇಬೇಕು. ಉಳಿದದ್ದರಲ್ಲಿ ಯಾವುದನ್ನು ಹೇಳುವುದು, ಯಾವುದನ್ನು ಬಿಡುವುದು ಎಂದು ಮೊದಲ ದಿನವೇ ಮಗುವಿನ ಎದುರಿನಲ್ಲಿ ಮಾತಾಡಿಕೊಳ್ಳುವುದು ಮೇಲು. ಆಮೇಲೆ ಬಾಗಿಲ ಹೊರಗೆ ಒಂದು ಫ್ಯಾನ್ ಹಾಕಿ, ತಮ್ಮನನ್ನೋ ತಂಗಿಯನ್ನೋ ಕರೆದುಕೊಂಡು ಒಂದು ಸುತ್ತು ತಿರುಗಾಡಿ ಬರಬಹುದು. ಊರಿನಿಂದ ಬಂದಿರುವ ಅಜ್ಜಿಗೂ ವಿಷಯ ಬಿಡಿಸಿ ಹೇಳಬೇಕು.

ಮಗು ಹೊರಬಂದಾಗ "ಏನು ಹೇಳಿದೆ?" ಎನ್ನುವ ಬದಲು "ಊಟಕ್ಕೆ ಬಾ" ಎಂದರೆ ಸಾಕು. ಹೇಳಬೇಕೆನಿಸಿದ್ದನ್ನು ಅದು ತಾನಾಗಿ ಹೇಳೀತು. ಬೇರೆ ಅಭಿಪ್ರಾಯವಿರುವ ಸದಸ್ಯರು ದಯವಿಟ್ಟು ಬರೆದು ತಿಳಿಸಿ.