ಗ್ಯಾಲರಿಯಲ್ಲಿ ಕೂತ ಮಗು ಏನನ್ನು ನೋಡುತ್ತದೆ?

ಹಿಂದಿನ ಸಾಲಿನಿಂದ ಯಾರೋ ರೆಫರಿಗೆ ಬೈದರು. ತಾಯಿಯನ್ನು ಎಳೆದು ತರುವ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಕಿವಿಗೆ ಬೀಳುವ ಮಾತು ಅದು. ನನ್ನ ತೊಡೆಯ ಮೇಲೆ ಕೂತಿದ್ದ ಐದು ವರ್ಷದ ಮಗ ಆಟ ಬಿಟ್ಟು ಹಿಂದೆ ತಿರುಗಿ ಅವರನ್ನು ನೋಡಿದ. ಆಮೇಲೆ ನನ್ನ ಮುಖ ನೋಡಿ, "ಅಮ್ಮಾ, ಹಾಗಂದ್ರೆ ಏನು?" ಎಂದ. ಬೈದವರಿಗೂ ಅದು ಕೇಳಿಸಿತು. ನಾಲಿಗೆ ಕಚ್ಚಿಕೊಂಡು, "ಸಾರಿ ಮೇಡಂ, ಮಗು ಇರೋದು ನೋಡ್ಲಿಲ್ಲ" ಅಂದರು. ತಮ್ಮ ಪಾಪ್‌ಕಾರ್ನ್ ಪೊಟ್ಟಣವನ್ನು ಮಗನ ಮುಂದೆ ಹಿಡಿದರು. ಹತ್ತು ನಿಮಿಷ ಸುಮ್ಮನಿದ್ದರು. ನಮ್ಮ ಕಡೆಯ ಆಟಗಾರನೊಬ್ಬನನ್ನು ಎದುರಾಳಿ ಕಾಲು ಕೊಟ್ಟು ಬೀಳಿಸಿದಾಗ ಅದೇ ಮಾತು ಮತ್ತೆ ಬಂತು, ಮೊದಲಿಗಿಂತ ಜೋರಾಗಿ.

ಆ ರಾತ್ರಿ ನನ್ನನ್ನು ಕಾಡಿದ್ದು ಅವರ ಬಾಯಿಯಲ್ಲ. ಕಂಠೀರವದ ಗ್ಯಾಲರಿ ಅವರದ್ದೂ ಹೌದು, ಟಿಕೆಟ್ ಕೊಂಡು ಬಂದಿದ್ದರು. ಐದು ವರ್ಷದವನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನು. "ಆ ಗಲಾಟೆಗೆ ಮಕ್ಕಳನ್ಯಾಕೆ ಕರ್ಕೊಂಡ್ ಹೋಗ್ತೀಯೇ, ಟಿವಿಯಲ್ಲಿ ಬರಲ್ವಾ?" ಎಂದು ನನ್ನಮ್ಮ ಪ್ರತಿ ಸಲ ಕೇಳುತ್ತಾಳೆ. ಬರುತ್ತದೆ. ಟಿವಿಯಲ್ಲಿ ಚೆಂಡು ಇನ್ನೂ ಚೆನ್ನಾಗಿ ಕಾಣುತ್ತದೆ. ಹಾಗಾದರೆ ನಾಲ್ಕು ಟಿಕೆಟ್ ಕೊಂಡು, ಸಂಜೆಯ ಟ್ರಾಫಿಕ್ಕಿನಲ್ಲಿ ಒದ್ದಾಡಿ, ಮಕ್ಕಳ ನಿದ್ದೆ ಕೆಡಿಸಿ ಅಲ್ಲಿಗೇ ಏಕೆ ಹೋಗುತ್ತೇವೆ?

ನಮ್ಮ ಮನೆಯಲ್ಲಿ ಈ ಹುಚ್ಚು ಮಾವನವರಿಂದ ಬಂದದ್ದು. ಅವರು ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಟೆಲಿಫೋನು ಮಾಡುವ ಕಾರ್ಖಾನೆಗೂ ಫುಟ್‌ಬಾಲಿಗೂ ಏನು ಸಂಬಂಧ ಎಂದು ಇಂದಿನವರಿಗೆ ಅನ್ನಿಸಬಹುದು. 1977ರಲ್ಲಿ ಮೊದಲ ಫೆಡರೇಶನ್ ಕಪ್ ನಡೆದಾಗ ಮೋಹನ್ ಬಗಾನ್‌ನಂಥ ತಂಡವನ್ನು ಫೈನಲಿನಲ್ಲಿ ಸೋಲಿಸಿ ಅದನ್ನು ಗೆದ್ದದ್ದು ಬೆಂಗಳೂರಿನ ಐಟಿಐ. ಆಗ ಈ ಊರಿನ ಫುಟ್‌ಬಾಲೆಂದರೆ ಬಹುಮಟ್ಟಿಗೆ ಕಾರ್ಖಾನೆ, ಕಚೇರಿಗಳ ತಂಡಗಳದ್ದೇ. ಆಟಗಾರರೂ ಸಂಬಳದ ನೌಕರರು. ಮಾವ ನನ್ನ ಗಂಡನನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಅಶೋಕನಗರದ ಸ್ಟೇಡಿಯಮ್ಮಿಗೆ ಹೋಗುತ್ತಿದ್ದರಂತೆ.

ಮಾವ ಒಮ್ಮೆ ಹೇಳಿದ ಮಾತೊಂದು ನನ್ನ ತಲೆಯಲ್ಲಿ ಉಳಿದಿದೆ. "ನಾವೂ ಬೈತಿದ್ವಿ. ಆದ್ರೆ ಭಾನುವಾರ ಯಾರನ್ನ ಬೈದ್ವೋ ಅವನು ಸೋಮವಾರ ಕ್ಯಾಂಟೀನಲ್ಲಿ ಎದುರಿಗೆ ತಟ್ಟೆ ಹಿಡ್ಕೊಂಡು ನಿಂತಿರ್ತಿದ್ದ." ಎದುರಾಳಿ ಎಚ್‌ಎಎಲ್ ತಂಡದವನಾದರೆ ಅವನು ಪಕ್ಕದ ಬೀದಿಯವನೋ, ಯಾರದ್ದೋ ಭಾವಮೈದುನನೋ ಆಗಿರುತ್ತಿದ್ದ. ಬೈಗುಳಕ್ಕೆ ಒಂದು ಮಿತಿ ಇದ್ದದ್ದು ಅವರು ನಮಗಿಂತ ಸಭ್ಯರಾಗಿದ್ದರು ಎಂದಲ್ಲ, ಸೋಮವಾರವೊಂದಿತ್ತು ಎಂದು. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದು ಊರಿನ ಹುಡುಗರಿಗೆಲ್ಲ ನೀಲಿ ಅಂಗಿ ತೊಡಿಸಿತು. ನನಗೂ ಆ ತಂಡ ಇಷ್ಟ. ಆದರೆ ಅದರ ಆಟಗಾರರು ನಮಗೆ ಸೋಮವಾರ ಸಿಗುವುದಿಲ್ಲ. ಎದುರಾಳಿಗಳಂತೂ ಪಂದ್ಯ ಮುಗಿದ ಮೇಲೆ ವಿಮಾನ ಹತ್ತುತ್ತಾರೆ.

ಕಂಠೀರವ ಸ್ಟೇಡಿಯಂ ಇರುವುದು ಒಂದು ಕಾಲದ ಸಂಪಂಗಿ ಕೆರೆಯ ಅಂಗಳದಲ್ಲಿ. ಅದು ಮೂಲತಃ ಓಟ, ಜಿಗಿತಗಳಿಗೂ ಕಟ್ಟಿದ ಜಾಗವಾದ್ದರಿಂದ ಗ್ಯಾಲರಿಗೂ ಆಟದ ಹುಲ್ಲಿಗೂ ನಡುವೆ ಓಟದ ಟ್ರ್ಯಾಕ್ ಸುತ್ತುವರಿದಿದೆ. ದೊಡ್ಡವರಿಗೇ ಆ ಬದಿಯ ಗೋಲಿನಲ್ಲಿ ನಡೆಯುವುದು ಸರಿಯಾಗಿ ಕಾಣದು. ಇನ್ನು ಮಕ್ಕಳ ಗತಿ? ಏನಾದರೂ ನಡೆಯುತ್ತಿದೆ ಅನ್ನಿಸಿದ ಗಳಿಗೆಯಲ್ಲೇ ಮುಂದಿನ ಸಾಲಿನವರೆಲ್ಲ ಎದ್ದು ನಿಲ್ಲುತ್ತಾರೆ. ಮೂರಡಿ ಎತ್ತರದ ಮಗುವಿಗೆ ಆಗ ಕಾಣುವುದು ಬೆನ್ನುಗಳು, ಬೆಲ್ಟುಗಳು, ಮೇಲೆತ್ತಿದರೆ ಮುಖಗಳು. ಗೋಲಾಯಿತೋ ತಪ್ಪಿತೋ ಎಂಬುದನ್ನು ಅದು ನಮ್ಮ ಮುಖದಲ್ಲಿ ಓದಿಕೊಳ್ಳುತ್ತದೆ. ಮನೆಯಲ್ಲಿ ಟಿವಿಯ ಮುಂದೆ ಕೂತ ಮಗು ಟಿವಿ ನೋಡುತ್ತದೆ. ಸ್ಟೇಡಿಯಮ್ಮಿನಲ್ಲಿ ಅದು ನೋಡುವುದು ಅಪ್ಪನನ್ನು, ಅಮ್ಮನನ್ನು.

ನಿಕ್ ಹಾರ್ನ್‌ಬಿ ಎಂಬ ಇಂಗ್ಲಿಷ್ ಲೇಖಕನ 'ಫೀವರ್ ಪಿಚ್' (1992) ಓದಿದವರಿಗೆ ಇದು ನೆನಪಿರಬಹುದು. 1968ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಅಪ್ಪ ಅವನನ್ನು ಮೊದಲ ಬಾರಿ ಆರ್ಸೆನಲ್ ತಂಡದ ಪಂದ್ಯಕ್ಕೆ ಕರೆದುಕೊಂಡು ಹೋಗುತ್ತಾನೆ. ಅಪ್ಪ ಅಮ್ಮ ಬೇರೆಯಾಗಿದ್ದಾರೆ, ವಾರಾಂತ್ಯದಲ್ಲಿ ಸಿಗುವ ಅಪ್ಪನಿಗೂ ಮಗನಿಗೂ ಜೊತೆಯಾಗಿ ಮಾಡಲು ಏನೂ ಇಲ್ಲ. ಅಂದು ಹುಡುಗನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಆಟವಲ್ಲ. ಸುತ್ತಲಿದ್ದ ಗಂಡಸರು ಅಲ್ಲಿರುವುದನ್ನೇ ಎಷ್ಟು ದ್ವೇಷಿಸುತ್ತಿದ್ದರು, ದುಡ್ಡು ಕೊಟ್ಟು ಬಂದು ಎಷ್ಟು ನರಳುತ್ತಿದ್ದರು ಎಂಬುದು. ಆ ನರಳಾಟಕ್ಕೇ ಅವನು ಮನಸೋತ. ಜೀವನಪೂರ್ತಿ ಬಿಡಿಸಿಕೊಳ್ಳಲಾರದೆ ಹೋದ.

ಇಲ್ಲಿಂದ ನನ್ನ ನಿಜವಾದ ಪ್ರಶ್ನೆ ಶುರುವಾಗುತ್ತದೆ. ಮಗುವಿಗೆ ಆಟ ಅರ್ಥವಾಗುವ ಮೊದಲೇ ನಾವು ಅದಕ್ಕೊಂದು 'ನಮ್ಮವರು' ಕೊಡುತ್ತೇವೆ. ನೀಲಿ ಅಂಗಿ ತೊಡಿಸುತ್ತೇವೆ, ಕೆನ್ನೆಗೆ ಬಣ್ಣ ಹಚ್ಚುತ್ತೇವೆ. ಅದು ಆರಿಸಿಕೊಂಡದ್ದಲ್ಲ. ಇದು ಸರಿಯೇ? ಭಾಷೆ, ಊರು, ದೇವರು, ಊಟ ಯಾವುದನ್ನೂ ಕೇಳಿ ಕೊಡುವುದಿಲ್ಲವಲ್ಲ, ಇದೂ ಹಾಗೆಯೇ ಎನ್ನಬಹುದು. ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಕನ್ನಡ ಕಲಿಯಲು ಮಲಯಾಳವನ್ನು ಸೋಲಿಸಬೇಕಾಗಿಲ್ಲ. ಫುಟ್‌ಬಾಲಿನ 'ನಾವು'ವಿಗೆ ಮಾತ್ರ ತೊಂಬತ್ತು ನಿಮಿಷ ಒಂದು 'ಅವರು' ಬೇಕೇ ಬೇಕು. ಹಾಗಾದರೆ ಪಕ್ಷವೇ ಇಲ್ಲದೆ, ಬರೀ ಆಟದ ಸೊಗಸಿಗಾಗಿ ನೋಡುವುದನ್ನು ಕಲಿಸಬಹುದೇ? ಪ್ರಯತ್ನಪಟ್ಟಿದ್ದೇನೆ. ಎರಡೂ ತಂಡ ನಮ್ಮದಲ್ಲದ ಪಂದ್ಯವೊಂದರಲ್ಲಿ ಮಕ್ಕಳು ಇಪ್ಪತ್ತನೇ ನಿಮಿಷಕ್ಕೆ ಮನೆಗೆ ಹೋಗೋಣ ಅಂದರು. ನಾನೂ ಆಕಳಿಸುತ್ತಿದ್ದೆ ಎಂಬುದು ಬೇರೆ ಮಾತು.

2023ರ ಮಾರ್ಚ್ 3, ಶುಕ್ರವಾರ. ಐಎಸ್‌ಎಲ್ ನಾಕೌಟ್ ಪಂದ್ಯ, ಬೆಂಗಳೂರಿನಲ್ಲೇ, ಕೇರಳ ಬ್ಲಾಸ್ಟರ್ಸ್ ಎದುರಾಳಿ. ನಾವು ನಾಲ್ವರೂ ಅಲ್ಲಿದ್ದೆವು. ಕೇರಳ ಪಂದ್ಯವೆಂದರೆ ಈ ಊರಿನಲ್ಲಿ ಅದರ ರುಚಿಯೇ ಬೇರೆ. ಇಲ್ಲೇ ಕೆಲಸ ಮಾಡಿಕೊಂಡಿರುವ ಮಲಯಾಳಿಗಳು ಹಳದಿ ಅಂಗಿ ತೊಟ್ಟು ಬಂದು ಕೂತುಬಿಡುತ್ತಾರೆ. ತೊಂಬತ್ತು ನಿಮಿಷವಾದರೂ ಗೋಲಿಲ್ಲ. ಹೆಚ್ಚುವರಿ ಅವಧಿಯ ಆರಂಭದಲ್ಲಿ ಬೆಂಗಳೂರಿಗೆ ಒಂದು ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಮುಂದೆ ಬಂದು ತನ್ನವರ ಗೋಡೆ ಕಟ್ಟಿಸುತ್ತಿದ್ದ. ಅಷ್ಟರಲ್ಲಿ ಸುನಿಲ್ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಗೋಲಿಗೆ ಹಾಕಿಬಿಟ್ಟ. ರೆಫರಿ ಗೋಲು ಕೊಟ್ಟರು. ನಾವೆಲ್ಲ ಕುಣಿದೆವು. ಕೇರಳದವರು ವಾದಿಸಿದರು, ಕೊನೆಗೆ ಇಡೀ ತಂಡ ಮೈದಾನ ಬಿಟ್ಟು ಹೊರನಡೆಯಿತು. ಕಾದು ಕಾದು ಕೊನೆಗೆ ಬೆಂಗಳೂರು ಗೆದ್ದಿತೆಂದು ಸಾರಿದರು.

ಒಂಬತ್ತು ವರ್ಷದ ಮಗಳು ಕುಣಿಯಲಿಲ್ಲ. "ಅಪ್ಪಾ, ಅವರು ರೆಡಿ ಇರ್ಲಿಲ್ಲ ಅಲ್ವಾ? ಅದು ಮೋಸ ಅಲ್ವಾ?"

ನನ್ನ ಗಂಡ ನಿಯಮ ವಿವರಿಸಿದ. ನಿಯಮ ಅವನ ಪರವಾಗಿಯೇ ಇತ್ತು. ಫ್ರೀ ಕಿಕ್ ತೆಗೆದುಕೊಳ್ಳುವವನಿಗೆ ಬೇಗನೆ ಒದೆಯುವ ಹಕ್ಕಿದೆ. ಸೀಟಿ ಊದುವವರೆಗೆ ಕಾಯಬೇಕೆಂದು ರೆಫರಿ ಹೇಳಿದಾಗ ಮಾತ್ರ ಕಾಯಬೇಕು. ತಪ್ಪು ಮಾಡಿ ಬೀಳಿಸಿದವರಿಗೆ ಸಾವಕಾಶವಾಗಿ ಗೋಡೆ ಕಟ್ಟಿಕೊಳ್ಳುವ ಹಕ್ಕೇನೂ ಇಲ್ಲ. ಮುಂದೆ ಫುಟ್‌ಬಾಲ್ ಫೆಡರೇಶನ್ ಕೇರಳದವರ ದೂರನ್ನು ತಳ್ಳಿಹಾಕಿ, ಹೊರನಡೆದದ್ದಕ್ಕೆ ನಾಲ್ಕು ಕೋಟಿ ರೂಪಾಯಿ ದಂಡವನ್ನೂ ಹಾಕಿತು. ಮಗಳು ಎಲ್ಲ ಕೇಳಿಸಿಕೊಂಡು, "ರೂಲ್ ಸರಿ. ಆದ್ರೆ ಅವರು ನಮಗೆ ಹಾಗೆ ಹಾಕಿದ್ರೆ?" ಎಂದಳು. ಗಂಡ ಮಾತಾಡಲಿಲ್ಲ. ಕುಣಿದು ಕುಣಿದು ನನ್ನ ದನಿಯೂ ಬಿದ್ದುಹೋಗಿತ್ತು.

ಭಾನುವಾರ ಅಪ್ಪ ಮಗಳು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅದನ್ನೇ ಆಡಿ ನೋಡಿದರು. ಮನೆಯ ಚಪ್ಪಲಿಗಳೆಲ್ಲ ಸಾಲಾಗಿ ನಿಂತು ಗೋಡೆಯಾದವು. ಮಗಳು ಗೋಲ್‌ಕೀಪರ್. ಅವಳು ಚಪ್ಪಲಿ ಸರಿಮಾಡಲು ಬಗ್ಗಿದಾಗ ಗಂಡ ಒದ್ದ. ಗೋಲು. "ನೋಡಿದ್ಯಾ, ನೀನು ಹುಷಾರಾಗಿರ್ಬೇಕಿತ್ತು ಕಣೇ" ಅಂದ. ಅವಳಿಗೆ ಅಳು ಬಂತು. ಅವನು ಚೆಂಡು ತಂದು ಮತ್ತೆ ಅದೇ ಜಾಗದಲ್ಲಿಟ್ಟು "ಸರಿ, ರೆಡಿನಾ?" ಎಂದ. ಅವಳು ಚಪ್ಪಲಿಗಳನ್ನು ಬಹಳ ಹೊತ್ತು ಜೋಡಿಸಿದಳು. ಛೆಟ್ರಿ ಮಾಡಿದ್ದು ಜಾಣತನವೋ ಮೋಸವೋ ಎಂಬುದನ್ನು ನಾನು ಇಲ್ಲಿ ತೀರ್ಮಾನಿಸಲಾರೆ. ನಿಯಮದಲ್ಲಿ ಜಾಣತನ, ಪಾರ್ಕಿಂಗಿನಲ್ಲಿ ಮೋಸ ಎಂದು ಅವತ್ತಿಗೆ ಅನ್ನಿಸಿತು.

ಮಗಳಿಗೆ ಸೋಮವಾರವಿತ್ತು. ಅವಳ ಜೊತೆ ಶಾಲೆಯ ವ್ಯಾನಿನಲ್ಲಿ ಹೋಗುವ ಗೆಳತಿಯದ್ದು ತ್ರಿಶೂರಿನ ಮನೆ, ಹಳದಿ ಅಂಗಿಯ ಮನೆ. ಸಂಜೆ ಬಂದವಳನ್ನು ಏನಾಯ್ತೆಂದು ಕೇಳಿದೆ. "ಗೋಲು ಗೋಲೇ, ಆದ್ರೆ ನನಗೂ ಬೇಜಾರಾಯ್ತು ಅಂದೆ." ಅವಳೇನಂದಳು? "ಅವಳಪ್ಪ ಅವತ್ತು ಊಟಾನೇ ಮಾಡ್ಲಿಲ್ವಂತೆ." ಇಬ್ಬರೂ ಅದಕ್ಕೆ ನಕ್ಕರಂತೆ. ಟಿವಿಯಲ್ಲಿ ನೋಡಿದ್ದರೂ ಈ ಪ್ರಶ್ನೆ ಅವಳಿಗೆ ಏಳುತ್ತಿತ್ತೇನೋ. ಆದರೆ ಆ ರಾತ್ರಿ ಅವಳು ನಮ್ಮಿಬ್ಬರ ಕುಣಿತವನ್ನೂ ನೋಡಿದ್ದಳು, ಎದುರಿನ ಹಳದಿ ಗುಂಪು ಕಲ್ಲಿನಂತೆ ಕೂತದ್ದನ್ನೂ ನೋಡಿದ್ದಳು.

ಇಷ್ಟು ಹೊತ್ತು ಹೇಳಿದ್ದು ಮನಸ್ಸಿಗಾಗುವ ಅಪಾಯ. ಮೈಗಾಗುವ ಅಪಾಯವನ್ನು ಮರೆತು ಈ ವಿಷಯ ಬರೆಯುವಂತಿಲ್ಲ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ 97 ಜನ ಸತ್ತರು. ಎಲ್ಲರಿಗಿಂತ ಚಿಕ್ಕವನು ಹತ್ತು ವರ್ಷದ ಹುಡುಗ. ಪೊಲೀಸರು, ಕೆಲವು ಪತ್ರಿಕೆಗಳು ಕುಡಿದ ಪ್ರೇಕ್ಷಕರದೇ ತಪ್ಪು ಎಂದರು. ಹಾಗಲ್ಲ, ಪ್ರೇಕ್ಷಕರ ನಡತೆ ಕಾರಣವಲ್ಲ ಎಂದು ಜ್ಯೂರಿ ಹೇಳಲು 2016ರವರೆಗೆ, ಇಪ್ಪತ್ತೇಳು ವರ್ಷ ಬೇಕಾಯಿತು. ನಮ್ಮಲ್ಲಿ ಕಬ್ಬನ್ ಪಾರ್ಕಿನ ಒಂದು ಅಂಚಿಗೆ ಕಂಠೀರವ, ಇನ್ನೊಂದು ಅಂಚಿಗೆ ಚಿನ್ನಸ್ವಾಮಿ. ಅದು ಕ್ರಿಕೆಟ್ಟಿನದು, ಆದರೂ 2025ರ ಜೂನ್ 4ರಂದು ಅದರ ಗೇಟುಗಳ ಹೊರಗೆ ಸಂಭ್ರಮಕ್ಕೆಂದು ಹೋದವರಲ್ಲಿ 11 ಜನ ಮನೆಗೆ ಮರಳಲಿಲ್ಲ. ಶಾಲೆಗೆ ಹೋಗುವ ಹುಡುಗಿಯೂ ಅದರಲ್ಲಿದ್ದಳು. ಆಮೇಲೆ ಬಹಳ ದಿನ ನಮ್ಮ ಮನೆಯಲ್ಲಿ ಯಾರೂ ಸ್ಟೇಡಿಯಂ ಎಂಬ ಮಾತೆತ್ತಲಿಲ್ಲ. ನನ್ನಮ್ಮ ಕೂಡ 'ನಾನು ಹೇಳಿರಲಿಲ್ವಾ' ಅನ್ನಲಿಲ್ಲ.

ಗುಂಪು ಎಂದೊಡನೆ ನಾವು ಒಂದು ಪ್ರಾಣಿಯನ್ನು ಕಲ್ಪಿಸಿಕೊಳ್ಳುತ್ತೇವೆ, ತಲೆಯಿಲ್ಲದ, ಮೈ ಮಾತ್ರ ಇರುವ ಪ್ರಾಣಿ. ಒಳಗೆ ಕೂತು ನೋಡಿದವರಿಗೆ ಹಾಗೆ ಕಾಣುವುದಿಲ್ಲ. ಮೊದಲಲ್ಲಿ ಹೇಳಿದೆನಲ್ಲ, ಆ ಬೈಗುಳದ ಮನುಷ್ಯರು. ಅವತ್ತು ಪಂದ್ಯ ಮುಗಿದು ಎಲ್ಲರೂ ಒಟ್ಟಿಗೆ ಮೆಟ್ಟಿಲಿಳಿಯುವಾಗ ಕೆಳಗಿನ ತಿರುವಿನಲ್ಲಿ ಜನ ಒತ್ತಿದರು. ಮಗ ನನ್ನ ಕೈ ಹಿಡಿದಿದ್ದ, ಆದರೆ ಅವನ ತಲೆ ಕಾಣುತ್ತಿರಲಿಲ್ಲ. "ಮಗು ಇದೆ, ಮಗು ಇದೆ, ನಿಲ್ರೀ!" ಎಂದು ಯಾರೋ ಕೂಗಿದರು. ತಿರುಗಿದರೆ ಅವರೇ. ಗೋಡೆಗೆ ಎರಡೂ ಕೈ ಊರಿ ನಮ್ಮಿಬ್ಬರ ಸುತ್ತ ಕಮಾನಿನಂತೆ ನಿಂತಿದ್ದರು. ರೆಫರಿಯ ತಾಯಿಯನ್ನು ಬೈದ ಅದೇ ಗಂಟಲು. ಜನ ನಿಜಕ್ಕೂ ನಿಂತರು. ನಾನು ಥ್ಯಾಂಕ್ಸ್ ಹೇಳುವ ಮೊದಲೇ ಅವರು ಇಳಿದುಹೋಗಿದ್ದರು.

ಇದನ್ನು ಹೇಳುವುದು ಲೆಕ್ಕ ಚುಕ್ತಾ ಮಾಡಲಿಕ್ಕಲ್ಲ. ಒಂದು ಒಳ್ಳೆಯ ಕೆಲಸದಿಂದ ಆ ಬೈಗುಳ ಅಳಿಸಿಹೋಗುವುದಿಲ್ಲ. ಮಗ ಅವೆರಡನ್ನೂ ಒಂದೇ ರಾತ್ರಿ, ಒಬ್ಬರಲ್ಲೇ ನೋಡಿದ ಎಂದಷ್ಟೇ. ಮನೆಯಲ್ಲಿ ಕೂರಿಸಿ ಇದನ್ನು ಅವನಿಗೆ ಹೇಗೆ ತೋರಿಸುತ್ತಿದ್ದೆನೋ ಗೊತ್ತಿಲ್ಲ.

ಈಗ ಮತ್ತೆ ಹೋಗುತ್ತೇವೆ. ಮಕ್ಕಳ ಕಿವಿಗೆ ಶಬ್ದ ತಡೆಯುವ ದಪ್ಪ ಮುಚ್ಚಳ, ತುದಿಯ ಸೀಟು, ಸೀಟಿಗೆ ಐದು ನಿಮಿಷ ಮೊದಲೇ ಹೊರಡುವುದು. ಗಂಡನಿಗೆ ಈ ಕೊನೆಯದ್ದು ಸುತರಾಂ ಒಪ್ಪಿಗೆಯಿಲ್ಲ. ಗೋಲುಗಳೆಲ್ಲ ಆ ಐದು ನಿಮಿಷಕ್ಕೇ ಕಾದಿರುತ್ತವೆ ಎಂದು ಗೊಣಗುತ್ತಾ ಬರುತ್ತಾನೆ. ಮಗನಿಗೆ ಎಂಟು ವರ್ಷ. ಆ ಮಾತಿನ ಅರ್ಥ ಅವನಿಗೆ ಗೊತ್ತಾಗಿದೆ. ಎಲ್ಲಿ ಕಲಿತೆ ಅಂದರೆ, ಸ್ಕೂಲ್ ವ್ಯಾನಲ್ಲಿ ಅಂದ.

ಮೊನ್ನೆಯ ಪಂದ್ಯದಲ್ಲಿ ಲೈನ್ಸ್‌ಮನ್ ಬಾವುಟ ಎತ್ತಿದಾಗ ಅವನು ಕುರ್ಚಿಯ ಮೇಲೆ ಹತ್ತಿ ನಿಂತ. ಬಾಯಿ ತೆರೆದ, ಒಂದು ಕ್ಷಣ ನನ್ನ ಮುಖ ನೋಡಿದ, ಯಾವುದೋ ಮಾತನ್ನು ನುಂಗಿಕೊಂಡ. ಆಮೇಲೆ "ಲೋ ಕುರುಡಾ!" ಎಂದು ಕೂಗಿದ. ನಾನು ಸಮಾಧಾನದಿಂದ ನಕ್ಕೆ. ಅದೂ ಒಂದು ಬೈಗುಳವೇ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದು ಬಾಗಿಲ ಬೀಗ ತೆಗೆಯುವಾಗ.